ಏಣಿಯ ನೆರಳು

ನಮ್ಮ ಅತ್ತೆಗೆ, ಅಂದರೆ ಅಪ್ಪನ ತಂಗಿಗೆ, ಕಣ್ಣೇ ಕಸುಬು. ಟ್ರಾಫಿಕ್ ಕ್ಯಾಮೆರಾಗಳ ಕೋಣೆಯಲ್ಲಿ ಕೂತು ಕಂಪ್ಯೂಟರಿನ ತಪ್ಪು ಹಿಡಿಯುವುದು ಅವಳ ಕೆಲಸ. ಅದು ಪ್ರತಿ ಗಾಡಿಯ ಸುತ್ತ ಒಂದು ಚೌಕ ಹಾಕಿ ಹಿಂಬಾಲಿಸುತ್ತದೆ. ಗಾಳಿಗೆ ಕಂಬ ಅಲ್ಲಾಡಿದರೆ ನಿಂತ ಲಾರಿಯೂ ಓಡಿತು ಎನ್ನುತ್ತದೆ. "ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು" ಎಂಬುದು ಅತ್ತೆಯ ಮಂತ್ರ. ಮನೆಗೆ ನೆಂಟರು ಬಂದರೂ, ಹಿಂದೆ ಇನ್ಯಾರಾದರೂ ಮರೆಯಾಗಿದ್ದಾರಾ ಎಂದು ಇಣುಕುವ ಹೆಂಗಸು!

ಒಂದು ಸಂಜೆ ಬಿಳಿ ವ್ಯಾನೊಂದು ಸೈಕಲ್ಲಿನ ಹೆಂಗಸನ್ನು ಕೆಡವಿ ನಿಲ್ಲದೆ ಹೋಯಿತು. ಅವಳ ಕಾಲು ಮುರಿಯಿತು. ಅಲ್ಲಿ ನಂಬರ್ ಕಾಣುತ್ತಿರಲಿಲ್ಲ. ಮುಂದಿನ ತಿರುವಿನಲ್ಲಿ ನಂಬರ್ ಓದಿದ ಕಂಪ್ಯೂಟರ್, ಅದು ಲಾಂಡ್ರಿಯವನ ವ್ಯಾನು ಎಂದಿತು. ಪೊಲೀಸರು ಅವನನ್ನು ಹಿಡಿದು ಕೂರಿಸಿದರು. ಅತ್ತೆ ನೋಡಿ ಹೂಂ ಎನ್ನುವುದೊಂದೇ ಬಾಕಿ.

ಮರುದಿನ ಅತ್ತೆ ಆ ರೆಕಾರ್ಡಿಂಗ್ ನೋಡಿದಳು. ನಡುದಾರಿಯಲ್ಲಿ ಎರಡು ಬಿಳಿ ವ್ಯಾನುಗಳು ಒಟ್ಟಿಗೆ ಬಸ್ಸಿನ ಮರೆಗೆ ಹೋಗಿದ್ದವು. ಹೊರಬರುವಾಗ ಕಂಪ್ಯೂಟರ್ ಚೌಕಗಳನ್ನು ಅದಲುಬದಲು ಮಾಡಿರಬಹುದೇ? ಬಿಸಿಲಿನ ಹೊಳಪಿನಲ್ಲಿ ಎರಡೂ ಒಂದೇ ಥರ. ನೆರಳನ್ನೂ ಗಾಡಿಯೆಂದು ಎಣಿಸುತ್ತದೆಂದು ನೆರಳನ್ನು ಬಿಟ್ಟುಬಿಡಲು ಕಂಪ್ಯೂಟರಿಗೆ ಕಲಿಸಿದ್ದರು. ಅತ್ತೆ ನೆರಳನ್ನೇ ಹಿಡಿದು ನೋಡಿದಳು. ಸೈಕಲ್ ಕೆಡವಿದ ವ್ಯಾನಿನ ನೆರಳಿನ ಹಿಂದೆ ಏಣಿಯ ತುದಿ ಚಾಚಿಕೊಂಡಿತ್ತು. ತಿರುವಿನಲ್ಲಿ ಆ ನೆರಳಿನ ವ್ಯಾನಿನ ನಂಬರನ್ನು ಅವಳು ಎರಡೆರಡು ಸಲ ಓದಿದಳಂತೆ. ಅದು ನಮ್ಮಪ್ಪನದು.

ಅಪ್ಪ ಅಂಗಡಿಗಳಿಗೆ ಬೋರ್ಡ್ ಬರೆಯುವವರು. ಅವರ ಏಣಿ ಮನೆಯಲ್ಲಿ ವ್ಯಾನಿನಿಂದ ಇಳಿದದ್ದನ್ನು ನಾನು ಕಂಡೇ ಇರಲಿಲ್ಲ. ಮಧ್ಯಾಹ್ನ ಅತ್ತೆ ಬಂದಾಗ ಅದು ಅಂಗಳದ ಗೋಡೆಗೆ ಒರಗಿತ್ತು.

"ಏಣಿ ಯಾಕೆ ಇಳಿಸಿದೆ, ಅಣ್ಣಾ?"

"ಹಗ್ಗ ಸವೆದಿತ್ತು."

ಅತ್ತೆ ಕಂಡದ್ದನ್ನೆಲ್ಲ ಹೇಳಿದಳು. ಅಪ್ಪ ತಲೆ ಎತ್ತಲಿಲ್ಲ. "ಕಂಪ್ಯೂಟರೇ ಅವನು ಅಂದಿದೆಯಲ್ಲ. ನೀನು ಹೂಂ ಅಂದ್ರೆ ಮುಗೀತು. ನಾನು ನಿನ್ನ ಒಡಹುಟ್ಟಿದವನಲ್ವಾ?"

"ಅದಕ್ಕೇ ಮೊದ್ಲು ಇಲ್ಲಿಗೆ ಬಂದೆ. ನಾನು ಹೇಳೋಕೆ ಮುಂಚೆ ನೀನೇ ಹೋಗಿ ಹೇಳು."

ನನಗೆ ಮೈಯೆಲ್ಲ ಉರಿಯಿತು. ಅಪ್ಪ ಜೈಲಿಗೆ ಹೋದರೆ ನಮ್ಮ ಗತಿ? "ಒಂದ್ಸಲ ಕಂಡೂ ಕಾಣದ ಹಾಗೆ ಇರಕ್ಕಾಗಲ್ವಾ, ಅತ್ತೆ? ಕರುಳಿಲ್ವಾ ನಿಮಗೆ?"

"ಆ ಲಾಂಡ್ರಿಯವನ ಹೆಂಡ್ತಿ ಬೆಳಗಿಂದ ನಮ್ಮ ಆಫೀಸಿನ ಮೆಟ್ಟಿಲ ಮೇಲೆ ಕೂತಿದ್ದಾಳೆ ಕಣೇ," ಎಂದಳು ಅತ್ತೆ.

ಅಪ್ಪ ಎದ್ದು ಏಣಿಯನ್ನು ವ್ಯಾನಿನ ಮೇಲಕ್ಕೆತ್ತಿದರು. "ಸ್ಟೇಷನ್ನಿಗೆ ಹೋಗಿಬರ್ತೀನಿ. ಹಗ್ಗ ಎಳೆದು ಹಿಡ್ಕೋ, ಮಗಳೇ," ಎಂದರು. ಅತ್ತೆ ಅವರ ಪಕ್ಕದ ಸೀಟಿನಲ್ಲಿ ಹೋಗಿ ಕೂತಳು.

ನಾನು ಹಗ್ಗ ಎಳೆದು ಹಿಡಿದೆ. ಅದರ ಒಂದು ಎಳೆಯೂ ಸವೆದಿರಲಿಲ್ಲ.