ಪ್ರವೇಶದ ಮೇಜಿನ ಗುರುಸಿದ್ದಯ್ಯ

“ಮ್ಯಾಥ್ಸ್ ಎಷ್ಟು?” ಎಂದು ಗುರುಸಿದ್ದಯ್ಯನವರು ಕೇಳಿದ್ದು ರೂಪಶ್ರೀಯನ್ನು; ಗಾಬರಿಯಲ್ಲಿ “ಮೂವತ್ತೈದು ಸಾ, ಅದೂ ಮೂರ್ನೇ ಸಲಕ್ಕೆ” ಎಂದು ತನ್ನ ಎಸ್ಸೆಸ್ಸೆಲ್ಸಿ ಅಂಕವನ್ನೇ ಬಾಯಿಬಿಟ್ಟವನು ಅವಳ ಅಪ್ಪ, ಕುದೇರಿನ ಶಿವಮಲ್ಲಪ್ಪ. ಸಾಲಿನಲ್ಲಿದ್ದವರೆಲ್ಲ ನಕ್ಕರು, ಗುರುಸಿದ್ದಯ್ಯನವರು ನಗಲಿಲ್ಲ. ಚಾಮರಾಜನಗರದಲ್ಲಿ ತಾಂತ್ರಿಕ ವಿಶ್ವವಿದ್ಯಾಲಯವೊಂದರ ಪ್ರವೇಶದ ಮೇಜಿಗೆ ಕೂತಂದಿನಿಂದ ಅವರ ಮುಖದಲ್ಲಿ ನಗು ತನ್ನ ಅರ್ಹತೆ ಕಳೆದುಕೊಂಡಿದೆ. ಟೀ ತರುವವಳನ್ನೂ “ಫಿಜಿಕ್ಸ್ ಇದ್ಯಾ?” ಎಂದು ಕೇಳಿಯೇ ಅವರು ಲೋಟ ಮುಟ್ಟುವುದು, ಸಂಜೆ ಗುಂಡ್ಲುಪೇಟೆ ಬಸ್ಸಿನಲ್ಲಿ ತೂಕಡಿಸುತ್ತಾ ಪಕ್ಕದವರ ಹೆಗಲಿಗೊರಗಿ “ನಲವತ್ತೈದು ಪರ್ಸೆಂಟ್ ಬೇಕು ಕಣಮ್ಮ” ಎಂದು ಕನವರಿಸುತ್ತಾರಂತೆ. ಹೇಳಿ ಹೇಳಿ ಅವರ ಬಾಯಲ್ಲಿ ಸವೆದುಹೋದ ಮಾತು ಒಂದೇ: “ಕಂಪ್ಯೂಟರ್ ಇಂಜಿನಿಯರಿಂಗಿಗೆ ಕಂಪ್ಯೂಟರ್ ಬ್ಯಾಡ, ಫಿಜಿಕ್ಸು, ಮ್ಯಾಥ್ಸು ಬೇಕು.” ಯಾಕೆಂದರೆ ಈ ಕಡೆಯ ಎಷ್ಟೋ ಮಕ್ಕಳು ಪಿಯುಸಿಯಲ್ಲಿ ಕಾಮರ್ಸ್ ಜೊತೆ ಕಂಪ್ಯೂಟರ್ ತೆಗೆದುಕೊಂಡು, ಅರ್ಧ ಇಂಜಿನಿಯರ್ ಆಗಿಯೇ ಬಿಟ್ಟೆವೆಂದು ನಂಬಿ ಬರುತ್ತಾರೆ. ಇಂಜಿನಿಯರಿಂಗ್ ಬಿಟ್ಟು ಬೇರೇನೂ ಓದುವುದಿಲ್ಲವೆಂದು ಹಟ ಹಿಡಿದಿದ್ದ ರೂಪಶ್ರೀಯೂ ಹಾಗೆ ಬಂದವಳೇ. “ಮ್ಯಾಥ್ಸ್ ಇಲ್ಲ ಸಾರ್, ಕಂಪ್ಯೂಟರಲ್ಲಿ ತೊಂಬತ್ತೆಂಟು ಐತೆ” ಎಂದಳು. ಸೀಟು ಸಿಕ್ಕವರನ್ನು ನಿಂತಂತೆಯೇ ಸಾಗಹಾಕುವ ಗುರುಸಿದ್ದಯ್ಯನವರು ಮೆಲ್ಲಗೆ ಎದ್ದು, ತಮ್ಮ ಕುರ್ಚಿಯನ್ನೇ ಅವಳತ್ತ ಎಳೆದರು. “ಆಗಲ್ಲ” ಎನ್ನುವ ಮೊದಲು ಮಕ್ಕಳನ್ನು ಕೂರಿಸುವುದು ಅವರ ಪದ್ಧತಿ. ಬೆಳಗಿನಿಂದ ಅದನ್ನು ಕಂಡಿದ್ದ ಸಾಲಿನವರು ತಮ್ಮ ತಮ್ಮ ಅಂಕಪಟ್ಟಿ ತೆಗೆದು ನೋಡಿಕೊಂಡರು. “ನಿಮ್ ಮಗಳೇ ಇಂಗ್ ಬಂದಿದ್ರೆ ಏನ್ ಮಾಡ್ತಿದ್ರಿ ಸಾ?” ಎಂದ ಶಿವಮಲ್ಲಪ್ಪ. “ಹೋದ್ ವರ್ಸ ಬಂದಿದ್ಲು,” ಎಂದರು ಗುರುಸಿದ್ದಯ್ಯ. “ಈ ಕುರ್ಚೀಲೇ ಕೂರುಸ್ದೆ.”