ಕಥೆಯಲ್ಲಿ ಇಲ್ಲದ ಕಾಫಿ

ಟ್ರಿಪ್ಲಿಕೇನಿನ ಜಯಲಕ್ಷ್ಮೀಯವರು ಮೈಲಾಪುರದ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ಹೆಡ್ ಕ್ಲರ್ಕ್. ಅವರ ಮುತ್ತಜ್ಜ ಯಾವ ಊರಿನಿಂದ ಮದರಾಸಿಗೆ ಬಂದರೆಂಬುದು ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಜೊತೆಯಲ್ಲಿ ಬಂದ ಕನ್ನಡ ಮಾತ್ರ ಉಳಿದುಕೊಂಡಿತ್ತು, ಅರ್ಧಕ್ಕರ್ಧ ತಮಿಳು ಬೆರೆಸಿಕೊಂಡು. ಆ ಕನ್ನಡದಲ್ಲಿ ಜಯಲಕ್ಷ್ಮೀ ಬೆಳಗ್ಗೆ ಹಾಲು ಕಾಯಿಸುವಾಗ ಶುರು ಮಾಡಿದರೆ ರಾತ್ರಿ ಹಾಸಿಗೆ ಹಾಸುವವರೆಗೆ ಮಾತಾಡುತ್ತಿದ್ದರು. ಕೇಳುವವರು ಗಂಡ ಪಂಢರಿನಾಥರು. ಅವರು ಮಣಲಿಯ ಕಾರ್ಖಾನೆಯೊಂದರಲ್ಲಿ ದುಡಿದು ನಿವೃತ್ತರಾದವರು. ಅಲ್ಲಿ ಯಂತ್ರಗಳ ಗದ್ದಲದಲ್ಲಿ ಕೈಸನ್ನೆಯಲ್ಲೇ ಕೆಲಸ ನಡೆಯುತ್ತಿತ್ತು. ಮನೆಯಲ್ಲೂ ಅವರು ಅದನ್ನೇ ಮುಂದುವರಿಸಿದ್ದರು.

ಕಳೆದ ವರ್ಷ ಬೆಸೆಂಟ್ ನಗರದ ನೆಂಟರ ಮನೆಯ ಸೀಮಂತಕ್ಕೆ ಇಬ್ಬರೂ ಸ್ಕೂಟರಿನಲ್ಲಿ ಹೊರಟರು. ತಲೆಗೆ ಹೆಲ್ಮೆಟ್ ಹಾಕಿದರೆ ಮುಡಿದ ಮಲ್ಲಿಗೆ ನಲುಗುತ್ತದೆಂದು ಜಯಲಕ್ಷ್ಮೀ ಅದನ್ನು ಮೊಣಕೈಗೆ ಸಿಕ್ಕಿಸಿಕೊಂಡರು. ತಿರುವಿನಲ್ಲಿ ನಾಯಿ ಅಡ್ಡ ಬಂತು, ಸ್ಕೂಟರ್ ಮಗುಚಿತು. ಮೊಣಕೈಗೆ ಏನೂ ಆಗಲಿಲ್ಲ. ತಲೆ ರಸ್ತೆಗೆ ಬಡಿಯಿತು.

ಆಸ್ಪತ್ರೆಯಲ್ಲಿ ಕಣ್ಣುಬಿಟ್ಟ ಮೇಲೂ ಬಹಳ ದಿನ ಅವರಿಗೆ ಏನೂ ನಿಲ್ಲುತ್ತಿರಲಿಲ್ಲ. ಬೆಳಗ್ಗೆ ಬಂದು ಹೋದ ತಂಗಿ ಬರಲೇ ಇಲ್ಲವೆಂದು ಮಧ್ಯಾಹ್ನ ಬೈಯುತ್ತಿದ್ದರು. ಇವತ್ತು ಯಾವ ವಾರ, ಇದು ಯಾವ ಜಾಗ ಎಂದು ಡಾಕ್ಟರು ದಿನಾ ಕೇಳುತ್ತಿದ್ದರು. ಒಂದು ದಿನ ಜಯಲಕ್ಷ್ಮೀಗೆ ಬೇಸರ ಬಂತು. “ಇಷ್ಟು ಜನ ಇದ್ದೀರಿ, ಒಬ್ಬರಿಗೂ ವಾರ ತಿಳೀದಾ? ಒಂದು ಕ್ಯಾಲೆಂಡರ್ ವಾಂಗಿ ಮಾಟಬಾರ್ದಾ?” ಎಂದರು, ಕೊಂಡು ತಂದು ತೂಗುಹಾಕಿ ಎಂಬಂತೆ ಗೋಡೆ ತೋರಿಸಿ. ಡಾಕ್ಟರಿಗೆ ನಗು ಬಂತು. ಹಳೆಯ ಮಾತಿನ ಧಾಟಿ ವಾಪಸು ಬಂದಿದೆ ಎಂದು ಪಂಢರಿನಾಥರಿಗೆ ಸಮಾಧಾನವಾಯಿತು.

ಗಾಯ ಮಾಗಿದ ಮೇಲೆ ಪುನಶ್ಚೇತನ ಕೇಂದ್ರಕ್ಕೆ ಹೋಗಬೇಕಾಯಿತು. ಮತ್ತೆ ಶಾಲೆಯ ಕೆಲಸಕ್ಕೆ ಹೋಗಬಹುದೇ ಎಂದು ಅಲ್ಲಿ ನೆನಪಿನ ಶಕ್ತಿಯನ್ನು ಪರೀಕ್ಷಿಸಿ ಹೇಳುತ್ತಾರೆ. ಪರೀಕ್ಷೆ ಮಾಡುವವಳು ವೀಕ್ಷಾ ಎಂಬ ಮನಶ್ಶಾಸ್ತ್ರಜ್ಞೆ, ಉಡುಪಿಯ ಕಡೆಯ ಹುಡುಗಿ. ಕನ್ನಡದವರು ಸಿಕ್ಕರೆಂದು ಅವಳು ಖುಷಿಯಿಂದ ಕನ್ನಡದ ಪದಗಳನ್ನು ಓದಿದಳು. ಕೇಳಿಸಿಕೊಂಡು ಮತ್ತೆ ಹೇಳಬೇಕು.

“ನೇಗಿಲು. ಬುಗುರಿ. ಜೋಳಿಗೆ…”

“ಇರು ಕಣ್ಣಾ. ಬುಗುರಿ ಅಂದ್ರೆ?”

“ಮಕ್ಕಳು ದಾರ ಸುತ್ತಿ ತಿರುಗಿಸ್ತಾರಲ್ಲ, ಅದು.”

“ಓ, ಪಂಬರಂ. ಹಾಗಂತ ಹೇಳು. ನೇಗಿಲು ನಾನು ಪಾಠದಲ್ಲಿ ಓದಿದ್ದು, ಕಣ್ಣಲ್ಲಿ ನೋಡಿದ್ದಿಲ್ಲ.”

ವೀಕ್ಷಾ ತಮಿಳು ಪದಗಳನ್ನು ತಂದಳು. ಜಯಲಕ್ಷ್ಮೀ ಅವನ್ನು ಕೇಳಿಸಿಕೊಂಡು ಕನ್ನಡದಲ್ಲಿ ವಾಪಸು ಹೇಳಿದರು. ಇದಕ್ಕೆ ಅಂಕ ಕೊಡುವುದೋ ಬಿಡುವುದೋ ಎಂದು ಅವಳು ಸ್ವಲ್ಪ ಹೊತ್ತು ಪೆನ್ನು ಕಚ್ಚಿಕೊಂಡು ಕೂತಳು. ಕೊನೆಗೆ ಪುಸ್ತಕ ಬದಿಗಿಟ್ಟು, ಅವರ ಮನೆಯ ಭಾಷೆಯಲ್ಲೇ ಪದಗಳನ್ನು ಕಲಸಿ ಕೇಳಿದಳು. ಆಗ ಪರವಾಗಿಲ್ಲ ಅನ್ನುವಷ್ಟು ಬಂದವು.

ಆಮೇಲೆ ಒಂದು ಸಣ್ಣ ಕಥೆ. ಒಬ್ಬ ಬಸ್ಸಿನಲ್ಲಿ ಪುಸ್ತಕಗಳಿದ್ದ ಚೀಲ ಮರೆತು ಇಳಿಯುತ್ತಾನೆ, ಕಂಡಕ್ಟರ್ ಅದನ್ನು ಪೊಲೀಸ್ ಠಾಣೆಗೆ ಕೊಡುತ್ತಾನೆ, ಮಾರನೆಯ ದಿನ ಚೀಲ ಸಿಗುತ್ತದೆ. ಜಯಲಕ್ಷ್ಮೀ ಹೇಳಿದಾಗ ಬಸ್ಸು ಮದರಾಸಿನ ಪ್ಯಾರಿಸ್ ಕಾರ್ನರಿಗೆ ಹೋಯಿತು, ಕಂಡಕ್ಟರಿಗೆ ಮಗಳ ಮದುವೆಯ ಚಿಂತೆ ಬಂತು, ಠಾಣೆಯಲ್ಲಿ ಇನ್ಸ್‌ಪೆಕ್ಟರು ಎಲ್ಲರಿಗೂ ಕಾಫಿ ತರಿಸಿದರು.

“ಅಮ್ಮ, ಕಾಫಿ ಕಥೆಯಲ್ಲಿ ಇರ್ಲಿಲ್ಲ.”

“ಅಷ್ಟು ದೂರದಿಂದ ಬಂದವನಿಗೆ ಒಂದು ಲೋಟ ಕಾಫಿ ಕೊಡದೆ ಕಳಿಸ್ತಾರಾ?”

ವೀಕ್ಷಾ ನಕ್ಕಳು. ಆದರೆ ಮರೆತುಹೋದ ಕಡೆಯಲ್ಲೆಲ್ಲ ಈ ಅಮ್ಮ ಹೊಸದನ್ನು ತುಂಬುತ್ತಿದ್ದಾರೆ ಎಂಬುದನ್ನು ಗಮನಿಸಿದಳು. ಚೀಲದಲ್ಲಿ ಏನಿತ್ತು ಎಂಬುದು ಅವರಿಗೆ ನೆನಪೇ ಇರಲಿಲ್ಲ.

ಅವಳು ಜಯಲಕ್ಷ್ಮೀಯ ಕನ್ನಡಕದ ಡಬ್ಬಿಯನ್ನು ಅವರೆದುರೇ ಮೇಜಿನ ಡ್ರಾಯರಿಗೆ ಹಾಕಿದಳು. “ನಾನು ‘ಮುಗೀತು’ ಅಂದ ಕೂಡಲೇ ನೀವೇ ಇದನ್ನು ಕೇಳಿ ಇಸ್ಕೊಳ್ಬೇಕು, ಆಯ್ತಾ?”

“ಇದೆಂಥ ದೊಡ್ಡ ವಿಷಯ?” ಎಂದರು ಜಯಲಕ್ಷ್ಮೀ. ಅರ್ಧ ಗಂಟೆ ಬೇರೆ ಪರೀಕ್ಷೆಗಳು ನಡೆದವು. ವೀಕ್ಷಾ “ಮುಗೀತು” ಅಂದಳು. ಜಯಲಕ್ಷ್ಮೀ ಎದ್ದು, ನಿನಗೆ ಮದುವೆ ಆಗಿದೆಯೇ ಎಂದು ವಿಚಾರಿಸಿ, ಅಡಯಾರಿನಲ್ಲಿ ಒಬ್ಬ ಒಳ್ಳೆಯ ಹುಡುಗ ಇದ್ದಾನೆಂದು ಹೇಳಿ, ಬಾಗಿಲು ದಾಟಿದರು. ಅವಳು ಡಬ್ಬಿ ಹಿಡಿದು ಹಿಂದೆ ಓಡಬೇಕಾಯಿತು.

“ಇರ್ಲಿ ಅಂತ ಬಿಟ್ಟಿದ್ದೆ. ಮುಂದಿನ ವಾರ ಹೇಗೂ ಬರ್ತೀನಲ್ಲ,” ಎಂದರು ಜಯಲಕ್ಷ್ಮೀ.

ಹೊರಗೆ ಕಾಯುತ್ತಿದ್ದ ಪಂಢರಿನಾಥರನ್ನೂ ಕರೆದು ವೀಕ್ಷಾ ಇಬ್ಬರನ್ನೂ ಒಳಗೆ ಕೂರಿಸಿದಳು. “ಸರ್, ಮನೆಯಲ್ಲಿ ಎಂತಾದ್ರೂ ಮರೀತಾರಾ?”

ಪಂಢರಿನಾಥರು ಹೆಂಡತಿಯ ಕಡೆ ನೋಡಿದರು. “ಸ್ವಲ್ಪ.”

“ಏನ್ರೀ ಸ್ವಲ್ಪ?” ಎಂದರು ಜಯಲಕ್ಷ್ಮೀ.

ಪಂಢರಿನಾಥರು ನೆಲ ನೋಡುತ್ತ ಹೇಳಿದರು. ಗ್ಯಾಸ್ ಉರಿಯುತ್ತಲೇ ಇರುತ್ತದೆ. ನಲ್ಲಿ ಸುರಿಯುತ್ತಿರುತ್ತದೆ. ಮಾತ್ರೆ ಹಾಗೇ ಇರುತ್ತದೆ. ತಾವು ಹಿಂದಿನಿಂದ ಹೋಗಿ ಆರಿಸಿ, ನಿಲ್ಲಿಸಿ, ಮಾತ್ರೆಯನ್ನು ಮೊಸರನ್ನದ ತಟ್ಟೆಯ ಪಕ್ಕ ಇಟ್ಟು ಬರುತ್ತಾರೆ. ಅಷ್ಟು ಉದ್ದ ಅವರು ಮಾತಾಡಿದ್ದನ್ನು ಜಯಲಕ್ಷ್ಮೀ ಮದುವೆಯಾದ ಮೇಲೆ ಕೇಳಿರಲಿಲ್ಲ.

ಆಟೋದಲ್ಲಿ ಜಯಲಕ್ಷ್ಮೀ ಕನ್ನಡಕದ ಡಬ್ಬಿ ಇದೆಯೇ ಎಂದು ಮತ್ತೆ ಮತ್ತೆ ಮುಟ್ಟಿ ನೋಡಿಕೊಂಡರು. ತಮ್ಮ ತಲೆ ಸರಿಯಿದೆ, ಜನ ಸುಮ್ಮನೆ ಪರೀಕ್ಷೆ ಮಾಡುತ್ತಾರೆ ಅಂದುಕೊಂಡಿದ್ದವರಿಗೆ ಮೊದಲ ಬಾರಿ ಹೆದರಿಕೆಯಾಯಿತು. ಮನೆ ಬಾಗಿಲಲ್ಲಿ ಕೇಳಿದರು, “ಇಷ್ಟು ದಿನ ಯಾಕ್ರೀ ಹೇಳ್ಲಿಲ್ಲ?”

“ನೀನು ಮಾತಾಡ್ತಾ ಇದ್ದೆ.”

ಜಯಲಕ್ಷ್ಮೀಗೆ ಅಳು ಬರುವುದರಲ್ಲಿತ್ತು. ನಗು ಬಂತು.

ಮಾರನೆಯ ವಾರ ವೀಕ್ಷಾ ಪಾಸು ಫೇಲಿನ ಮಾತಾಡಲಿಲ್ಲ. ಹಳೆಯದು ಚೆನ್ನಾಗಿ ಉಳಿದಿದೆ, ಹೊಸದು ನಿಧಾನವಾಗಿ ನಿಲ್ಲುತ್ತಿದೆ, ಮುಂದೆ ಮಾಡಬೇಕಾದ ಕೆಲಸ ಆ ಹೊತ್ತಿಗೆ ನೆನಪಾಗುವುದಿಲ್ಲ, ಅದಕ್ಕೆ ಹೊರಗಿನಿಂದ ಯಾರಾದರೂ ನೆನಪಿಸಬೇಕು ಎಂದು ಬಿಡಿಸಿ ಹೇಳಿದಳು. ಫೋನಿನ ಅಲಾರಂ ಇಡಬಹುದು, ಆದರೆ ಬರೀ ಗಂಟೆ ಬಾರಿಸಿದರೆ ಯಾಕೆ ಬಾರಿಸಿತೆಂದು ಅವರಿಗೆ ಗೊತ್ತಾಗುವುದಿಲ್ಲ. ಪರಿಚಯದ ದನಿಯಲ್ಲಿ ಕೆಲಸದ ಹೆಸರೇ ಕೇಳಿಸಬೇಕು.

“ಸರ್, ನಿಮ್ಮ ದನಿ ರೆಕಾರ್ಡ್ ಮಾಡುವ.”

ಪಂಢರಿನಾಥರು ಫೋನನ್ನು ಬಾಯಿಯ ಹತ್ತಿರ ಹಿಡಿದರು. ಗಂಟಲು ಸರಿಮಾಡಿಕೊಂಡರು. “ಗ್ಯಾಸ್,” ಎಂದರು.

“ಪೂರ್ತಿ ವಾಕ್ಯ ಹೇಳಿ ಸರ್.”

“ಗ್ಯಾಸ್ ಆಫ್.”

“ಮಿಲಿಟರಿ ಥರ ಇದೆ,” ಎಂದರು ಜಯಲಕ್ಷ್ಮೀ. ಬಹಳ ಸಲ ಪ್ರಯತ್ನಿಸಿದ ಮೇಲೆ ಪಂಢರಿನಾಥರ ಬಾಯಿಂದ ಒಂದು ಪೂರಾ ಮಾತು ಬಂತು: “ಜಯಾ, ಒಲೆ ಮೇಲೆ ಏನಾದ್ರೂ ಇದೆಯಾ, ಒಂದ್ಸಲ ಹೋಗಿ ನೋಡಮ್ಮಾ.”

ಆ ‘ಅಮ್ಮಾ’ ಎಲ್ಲಿಂದ ಬಂತೆಂದು ಅವರಿಗೇ ಗೊತ್ತಾಗಲಿಲ್ಲ. ಅದನ್ನು ಅಳಿಸಬಾರದೆಂದು ಜಯಲಕ್ಷ್ಮೀ ಹಟ ಹಿಡಿದರು.

ಮಳೆಗಾಲ ಕಳೆಯುವ ಹೊತ್ತಿಗೆ ಅವರು ಶಾಲೆಗೆ ಅರ್ಧ ದಿನ ಹೋಗತೊಡಗಿದರು. ಆಫೀಸಿನಲ್ಲಿ ಫೋನು “ಜಯಾ, ಮಾತ್ರೆ ತಗೊಂಡ್ಯಾ?” ಎಂದು ಕೂಗಿದರೆ ಅವರು “ತಗೋತೀನ್ರೀ” ಎಂದು ಉತ್ತರ ಕೊಟ್ಟು ಮಾತ್ರೆ ನುಂಗುತ್ತಾರೆ. ಅಟೆಂಡರ್ ಹೆಂಗಸರು ಬಾಯಿಗೆ ಸೆರಗು ಹಿಡಿಯುತ್ತಾರೆ. ಕೆಲವು ಸಲ ಈಗಲೂ ತಪ್ಪುತ್ತದೆ. ತಪ್ಪಿದ್ದನ್ನು ಮುಚ್ಚಿಕೊಳ್ಳದೆ “ಮರ್ತೆ” ಎಂದು ಹೇಳಲು ಅವರು ಕಲಿತರು. ಅದು ಪದಗಳನ್ನು ನೆನಪಿಡುವುದಕ್ಕಿಂತ ಕಷ್ಟವಾಯಿತೆಂದು ವೀಕ್ಷಾಳ ಹತ್ತಿರ ಒಪ್ಪಿಕೊಂಡರು.

ಬಿದ್ದ ದಿನದ ನೆನಪು ಮಾತ್ರ ಅವರಿಗೆ ವಾಪಸು ಬರಲೇ ಇಲ್ಲ. ಅಂಥ ದಿನದ ನೆನಪು ಬರುವುದಿಲ್ಲವೆಂದು ವೀಕ್ಷಾ ಮೊದಲೇ ಹೇಳಿದ್ದಳು. ಒಂದು ಭಾನುವಾರ ಸಂಜೆ ಬೆಸೆಂಟ್ ನಗರದ ಬೀಚಿನಲ್ಲಿ ಕೂತಾಗ ಜಯಲಕ್ಷ್ಮೀ ಗಂಡನನ್ನು ಕೇಳಿದರು, “ಅವತ್ತು ಏನೇನಾಯ್ತು, ಪೂರ್ತಿ ಹೇಳ್ರೀ.”

ಪಂಢರಿನಾಥರು ಮನೆ ಬೀಗ ಹಾಕಿದಲ್ಲಿಂದ ಶುರು ಮಾಡಿದರು. ಸಿಗ್ನಲಿನಲ್ಲಿ ಪಕ್ಕದ ಕಾರಿನವನೊಡನೆ ಅವಳು ಜಗಳ ತೆಗೆದದ್ದು, ಬೀಳುತ್ತಲೇ ನಾಯಿಯನ್ನು ತಮಿಳಿನಲ್ಲಿ ಬೈದದ್ದು, ಎಳನೀರಿನವನು ತನ್ನ ಟವೆಲ್ಲನ್ನು ಅವಳ ತಲೆಯ ಕೆಳಗೆ ಇಟ್ಟದ್ದು. ಜಯಲಕ್ಷ್ಮೀ ಒಂದು ಕಡೆಯೂ ಬಾಯಿ ಹಾಕಲಿಲ್ಲ. ಆ ಕಥೆಯಲ್ಲಿ ಅವರಿಗೆ ತಿದ್ದಲು ಏನೂ ಗೊತ್ತಿರಲಿಲ್ಲ.

“ಅಪ್ಪುರಂ?” ಎಂದರು, ಗಂಡ ನಿಲ್ಲಿಸಿದಾಗ.

“ಆಮೇಲೆ ಆಂಬುಲೆನ್ಸ್ ಬಂತು. ನಾನು ನಿನ್ನ ಪಕ್ಕ ಕೂತೆ. ನೀನು ಸುಮ್ಮನಿದ್ದೆ. ಅದೇ ನನಗೆ ತಡೆಯಕ್ಕಾಗ್ಲಿಲ್ಲ.”

ಜಯಲಕ್ಷ್ಮೀ ಅವರ ಷರ್ಟಿನ ತೋಳಿಗೆ ಅಂಟಿದ್ದ ಮರಳು ಕೊಡವಿದರು. ಕತ್ತಲಾಗುತ್ತಿತ್ತು. ಇಬ್ಬರೂ ಎದ್ದು ಬಸ್ ಸ್ಟಾಪಿನ ಕಡೆ ನಡೆದರು.