ಬಾಬುಸಾಬರ ಬೀದಿ

ಕೊಟ್ಟೂರಿನ ನಮ್ಮ ಮನೆಯ ಪಡಸಾಲೆಯಲ್ಲಿ, ಗಡಿಯಾರದ ಪಕ್ಕದ ಮೊಳೆಗೆ, ಒಂದು ಪರದೇಶದ ಬೀದಿ ತೂಗುತ್ತದೆ. ಹತ್ತೊಂಬತ್ತನೆಯ ಶತಮಾನದ ಇಂಗ್ಲಿಷ್ ಚಿತ್ರಕಾರನೊಬ್ಬ ನಗರ ನಗರ ತಿರುಗಿ, ಕಂಡ ಪೇಟೆಗಳನ್ನು ಬರೆದು, ಕಲ್ಲಚ್ಚಿನಿಂದ ಕಾಗದಕ್ಕೆ ಒತ್ತಿದ ಚಿತ್ರಗಳಲ್ಲಿ ಅದೂ ಒಂದು. ನಮ್ಮಲ್ಲಿರುವುದು ಹಳೆಯ ಕ್ಯಾಲೆಂಡರಿನಿಂದ ಕತ್ತರಿಸಿ ಕಟ್ಟು ಹಾಕಿಸಿದ್ದು. ಕಮಾನು, ಕಿಟಕಿ, ಗೋಪುರಗಳನ್ನು ಅವನು ತೀಡಿರುವ ಅಕ್ಕರೆಯನ್ನು ನೀವು ನೋಡಬೇಕು; ಮನುಷ್ಯರು ಮಾತ್ರ ಇರುವೆಯಷ್ಟು. ಹೈಸ್ಕೂಲಿನಲ್ಲಿ ಚಿತ್ರ ಕಲಿಸುವ ನನ್ನ ತಂಗಿ ಶಿವಲೀಲಾಳಿಗೆ ಅದರ ಮೇಲೆ ಪ್ರೀತಿ, ನನಗೆ ತಕರಾರು. "ಬೀದಿ ಐತಿ, ಮಂದಿ ಎಲ್ಲಿ ಅದಾರ?" ಎಂದು ಕೆಣಕಿದರೆ ನಕ್ಕುಬಿಡುತ್ತಿದ್ದಳು.

ಕಳೆದ ವರ್ಷ ರಸ್ತೆ ಅಗಲ ಮಾಡಲೆಂದು ಪೇಟೆಯ ಸಾಲು ಅಂಗಡಿಗಳ ಗೋಡೆಗೆ ಕೆಂಪು ಗೆರೆ ಬಿತ್ತು. ಅಲ್ಲಿ ಬೀಗ, ಕೊಡೆ ರಿಪೇರಿ ಮಾಡುತ್ತಿದ್ದ ಬಾಬುಸಾಬರು ಮನೆಗೆ ಬಂದರು.

"ಟೀಚರಮ್ಮ, ಒಡೆಯೋಕಿಂತ ಮೊದಲು ನಮ್ಮ ಅಂಗಡಿ ಒಂದು ಬರದು ಕೊಡ್ರಿ. ನಮ್ಮಪ್ಪ ಕಟ್ಟಿಸಿದ್ದು."

"ಫೋಟೋ ತಗಸ್ರಿ ಸಾಬ್ರ, ಚೊಲೊ ಬರ್ತೈತಿ," ಎಂದಳು ತಂಗಿ.

"ಫೋಟೋ ಚಣದಾಗ ಮುಗೀತೈತ್ರಿ. ಯಾರರ ಕುಂತು ನೋಡ್ಬೇಕು ಅದನ್ನ."

ಶಿವಲೀಲಾ ಎದುರಿನ ಚಹಾದಂಗಡಿಯ ಬೆಂಚಿನ ಮೇಲೆ ಎಷ್ಟೋ ಮುಂಜಾನೆ ಕುಂತು ನೋಡಿದಳು. ವಾಲಿದ ಹಲಗೆ ಬಾಗಿಲು, ತೋರಣದಂತೆ ಇಳಿಬಿದ್ದ ಬೀಗದ ಕೈಗಳು, ಅಕ್ಕಪಕ್ಕದ ಮಾಳಿಗೆಗಳು, ಎಲ್ಲವೂ ಹಾಳೆಗಿಳಿದವು. ಬಾಬುಸಾಬರು ಚಿತ್ರದ ಮೇಲೆ ಬಗ್ಗಿ ಹುಡುಕಿ, ಒಂದು ಚುಕ್ಕೆಯ ಮೇಲೆ ಬೆರಳಿಟ್ಟರು.

"ಇದು ಯಾರ್ರಿ?"

"ನೀವ."

"ಇಷ್ಟು ಸಣ್ಣಾವೇನ್ರಿ ನಾ?"

ಅವರ ಮುಖ ಸಪ್ಪಗಾಯಿತು. ನನ್ನ ತಕರಾರಿಗೆ ಸಾಕ್ಷಿ ಸಿಕ್ಕಿತೆಂದು ಒಳಗೊಳಗೇ ಹಿಗ್ಗಿದವನು, ಚಿತ್ರವನ್ನು ಸುತ್ತಿಕೊಂಡು ಎದ್ದ ತಂಗಿಯನ್ನು ನೋಡಿ ತಣ್ಣಗಾದೆ. ಅವಳು ಮತ್ತೊಂದನ್ನು ಬರೆದಳು: ಮೂಗಿನ ತುದಿಯ ಕನ್ನಡಕ, ಬೀಗದ ಮೇಲೆ ಬಗ್ಗಿದ ಹಣೆ, ಹಾಳೆಯ ತುಂಬ ಬಾಬುಸಾಬರೇ. ಅಷ್ಟರಲ್ಲಿ ಸಾಲು ನೆಲಸಮವಾಗಿ, ಅವರು ಬಸ್ ನಿಲ್ದಾಣದ ಬಳಿ ತಗಡಿನ ಡಬ್ಬಾ ಅಂಗಡಿ ಹಾಕಿದ್ದರು. ಹೊಸ ಚಿತ್ರವನ್ನು ಬಹಳ ಹೊತ್ತು ನೋಡಿದರು.

"ಚೊಲೊ ಬಂದೀನ್ರಿ," ಎಂದವರು ತಡೆದು ಕೇಳಿದರು, "ಮೊದಲಿಂದು ಐತೇನ್ರಿ, ಇಲ್ಲಾ ಹರಿದ್ರ್ಯಾ?"

ತಂಗಿ ಅದನ್ನೂ ತಂದುಕೊಟ್ಟಳು. ಹುಟ್ಟಿ ಬೆಳೆದ ಬೀದಿಯಲ್ಲಿ ನಮ್ಮನ್ನು ನಾವು ದೊಡ್ಡದಾಗಿ ಕಾಣಬೇಕಿಲ್ಲವೇನೋ, ಯಾವ ಬಾಗಿಲು ನಮ್ಮದೆಂದು ಗೊತ್ತಾದರೆ ಸಾಕೇನೋ ಎಂದು ನನಗೆ ಆಗ ಅನ್ನಿಸಿತು. ಮೊನ್ನೆ ಬೀಗವೊಂದನ್ನು ಹಿಡಿದು ಹೋದಾಗ ನೋಡಿದೆ. ಅವರ ಮುಖದ ಚಿತ್ರ ಮಗಳ ಮನೆ ಸೇರಿತ್ತು. ಅಂಗಡಿಯ ಚಿತ್ರ ಡಬ್ಬಾದೊಳಗೆ, ಹೊರಗಿನವರ ಕಣ್ಣಿಗೆ ಬೀಳದಂತೆ, ಅವರು ಕೂರುವ ಜಾಗಕ್ಕೆ ಎದುರಾಗಿ ತೂಗುತ್ತಿತ್ತು.

"ಗಿರಾಕಿಗೆ ಕಾಣಂಗ ಹಾಕಬಾರದೇನ್ರಿ?" ಎಂದೆ.

"ಗಿರಾಕಿಗೆ ನಾ ಕಾಣ್ತೀನಲ್ರಿ," ಎಂದರು ಬೀಗದಿಂದ ತಲೆಯೆತ್ತದೆ. "ನನಗ ಬೀದಿ ಕಾಣ್ಬೇಕು."